ಹೈದರನ ಎತ್ತು, ರಷ್ಯಾದ ಹಿಮ

2022ರ ಮಾರ್ಚ್ ಮೊದಲ ವಾರ. ಕೀವ್ ಕಡೆ ಹೊರಟಿದ್ದ ರಷ್ಯಾದ ಸೇನಾ ವಾಹನಗಳ ಸಾಲು ರಸ್ತೆ ಮೇಲೇ ನಿಂತುಬಿಟ್ಟಿದೆ ಅನ್ನೋ ಉಪಗ್ರಹದ ಫೋಟೋ ಎಲ್ಲರ ಮೊಬೈಲಿಗೂ ಬಂದಿತ್ತು. ಅರವತ್ತು ಕಿಲೋಮೀಟರಿಗೂ ಉದ್ದ ಅಂದರು. ನಮ್ಮ ಕಡೆ ಲೆಕ್ಕದಲ್ಲಿ ಹೇಳೋದಾದ್ರೆ, ಸಾಲಿನ ಬಾಲ ತಿಪಟೂರಲ್ಲಿದ್ದರೆ ತಲೆ ಗುಬ್ಬಿ ದಾಟಿರಬೇಕು. ಆಫೀಸಿನ ಊಟದ ಟೇಬಲಿನಲ್ಲಿ ಎಲ್ಲರೂ ಸೇನಾಪತಿಗಳೇ. ಡೀಸೆಲ್ ಖಾಲಿಯಂತೆ, ಟೈರು ಸರಿ ಇಲ್ಲವಂತೆ, ಕೆಸರಂತೆ. ಒಬ್ಬರು ಮಾತ್ರ ತಣ್ಣಗೆ ಮೊಸರನ್ನ ಕಲೆಸ್ತಾ, “ನೋಡ್ತಾ ಇರಿ, ರಷ್ಯಾದವರು ಮೊದಲು ಒದೆ ತಿಂತಾರೆ, ಆಮೇಲೆ ಎದುರಾಳೀನ ಸುಸ್ತು ಮಾಡ್ತಾರೆ. ಇನ್ನೂರು ವರ್ಷದಿಂದ ಅವರದ್ದು ಅದೇ ಕತೆ” ಅಂದರು.

ಆ ಮಾತಿನ ಹಿಂದೆ ಬಿದ್ದು ಓದೋಕೆ ಶುರು ಮಾಡಿದೆ. ರಷ್ಯಾದ ಯುದ್ಧಚಿಂತನೆಯ ಬಗ್ಗೆ ಓದಿದವರಿಗೆಲ್ಲ ಒಂದು ಹೆಸರು ಸಿಗುತ್ತೆ, ಅಲೆಕ್ಸಾಂಡರ್ ಸ್ವೆಚಿನ್. ಝಾರನ ಸೈನ್ಯದಲ್ಲಿ ಅಧಿಕಾರಿಯಾಗಿದ್ದು, ಕ್ರಾಂತಿಯಾದ ಮೇಲೆ ಕೆಂಪು ಸೇನೆಯ ಅಕಾಡೆಮಿಯಲ್ಲಿ ಮೇಷ್ಟ್ರಾದವನು. 1926ರಲ್ಲಿ ಯುದ್ಧತಂತ್ರದ ಬಗ್ಗೆ ಒಂದು ದೊಡ್ಡ ಪುಸ್ತಕ ಬರೆದ. ಹಾನ್ಸ್ ಡೆಲ್‌ಬ್ರುಕ್ ಅನ್ನೋ ಜರ್ಮನ್ ಇತಿಹಾಸಕಾರನಿಂದ ಎರವಲು ತಂದ ಒಂದು ವಿಂಗಡಣೆ ಅದರ ಬೆನ್ನೆಲುಬು. ಯುದ್ಧದಲ್ಲಿ ಎರಡು ದಾರಿ: ಒಂದು ಕೆಡಹೋದು, ಇನ್ನೊಂದು ಸವೆಸೋದು. ಮೊದಲನೆಯದು ಗರಡಿಯಲ್ಲಿ ಒಂದೇ ಪಟ್ಟು ಹಾಕಿ ಎದುರಾಳೀನ ಚಿತ್ ಮಾಡಿದ ಹಾಗೆ. ಎರಡನೆಯದರಲ್ಲಿ ಗೆಲ್ಲೋಕೆ ಕುಸ್ತಿಯೇ ಬೇಕಿಲ್ಲ. ಅವನ ಉಸಿರು, ಅನ್ನ, ದುಡ್ಡು, ತಾಳ್ಮೆ ಮುಗಿಯೋ ತನಕ ನಾನು ನಿಂತಿದ್ರೆ ಸಾಕು. ಯಾವ ದೇಶವೂ ಮೊದಲನೇ ದಾರಿಯನ್ನೇ ನಂಬಿ ಕೂರಬಾರದು, ಎರಡನೆಯದಕ್ಕೆ ತಯಾರಿರಬೇಕು ಅನ್ನೋದು ಸ್ವೆಚಿನ್‌ನ ವಾದ. ತುಖಾಚೆವ್‌ಸ್ಕಿಯಂಥ ಬಿಸಿರಕ್ತದ ಕಮಾಂಡರುಗಳಿಗೆ ಇದು ಹೇಡಿಯ ಮಾತಿನ ಹಾಗೆ ಕೇಳಿಸ್ತು. ತಮಾಷೆ ಅಂದ್ರೆ 1920ರಲ್ಲಿ ಇದೇ ತುಖಾಚೆವ್‌ಸ್ಕಿ ವಾರ್ಸಾ ನಗರದ ಬಾಗಿಲ ತನಕ ನುಗ್ಗಿ, ಹಿಂದಿನಿಂದ ಸಾಮಾನು ಸರಂಜಾಮು ಬರದೆ ಸೋತು ವಾಪಸ್ ಬಂದಿದ್ದ. ಕೊನೆಗೆ ಸ್ಟಾಲಿನ್ ಇಬ್ಬರನ್ನೂ ಬಿಡಲಿಲ್ಲ. 1937ರಲ್ಲಿ ತುಖಾಚೆವ್‌ಸ್ಕಿಗೆ ಗುಂಡು, 1938ರಲ್ಲಿ ಸ್ವೆಚಿನ್‌ಗೆ ಗುಂಡು.

ಸವೆಸೋ ಯುದ್ಧಕ್ಕೆ ಎಲ್ಲರೂ ಕೊಡೋ ಉದಾಹರಣೆ 1812. ನೆಪೋಲಿಯನ್ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಕಟ್ಟಿಕೊಂಡು ಜೂನಿನಲ್ಲಿ ಗಡಿ ದಾಟಿದ. ರಷ್ಯನ್ನರು ಹಿಂದಕ್ಕೆ ಸರೀತಾ, ದಾರಿಯಲ್ಲಿ ಸುಡ್ತಾ ಹೋದರು. ಸೆಪ್ಟೆಂಬರಿನಲ್ಲಿ ಬೊರೊದಿನೊ ಕಾಳಗವಾಯ್ತು. ರಷ್ಯನ್ನರೇ ಮೈದಾನ ಬಿಟ್ಟರು, ಮಾಸ್ಕೋನೂ ಬಿಟ್ಟರು. ನೆಪೋಲಿಯನ್ ಒಂದು ತಿಂಗಳು ಸುಟ್ಟ ನಗರದಲ್ಲಿ ಕೂತು, ತಿನ್ನೋಕಿಲ್ಲದೆ ಹೊರಟ. ಹಿಮ ಬಿದ್ದಿದ್ದು ಆಮೇಲೆ. ಅಷ್ಟರಲ್ಲಾಗಲೇ ಮೇವಿಲ್ಲದೆ ಕುದುರೆಗಳು ಸಾಲುಸಾಲು ಸತ್ತಿದ್ದವು. ಹಿಮಕ್ಕೆ ಸಿಕ್ಕಿದ ಕ್ರೆಡಿಟ್ಟಿನ ಅರ್ಧ ಹುಲ್ಲಿಗೆ ಸಲ್ಲಬೇಕು.

ಇಲ್ಲಿಗೆ ಬಂದಾಗ ಪುಸ್ತಕ ಮುಚ್ಚಿಟ್ಟೆ. ಯಾಕಂದ್ರೆ ಮೇವಿಲ್ಲದೆ ಒಂದು ಮಹಾಸೈನ್ಯ ವಾಪಸ್ ಹೋದ ಕತೆ, ಮಾಸ್ಕೋಗಿಂತ ಇಪ್ಪತ್ತೊಂದು ವರ್ಷ ಮೊದಲು, ನಮ್ಮ ಸಂಪಿಗೆಯಿಂದ ಬಸ್ಸಿನಲ್ಲಿ ಒಂದೆರಡು ಗಂಟೆ ದೂರದ ಜಾಗದಲ್ಲಿ ನಡೆದಿದೆ. ಅದಕ್ಕೆ ನಾವು ಶಾಲೆಯಲ್ಲಿ ಓದಿದ ಹೆಸರು ಮೂರನೇ ಆಂಗ್ಲೋ–ಮೈಸೂರು ಯುದ್ಧ. ನಾಲ್ಕು ಯುದ್ಧ, ನಾಲ್ಕು ಒಪ್ಪಂದ, ಇಸವಿ ಸಮೇತ ಬಾಯಿಪಾಠ ಮಾಡಿ ಎರಡು ಮಾರ್ಕು ತಗೊಂಡು ಬಿಟ್ಟವರು ನಾವು. ಆ ನಾಲ್ಕು ಯುದ್ಧಗಳ ಒಳಗೆ ಒಂದು ಯುದ್ಧತಂತ್ರ ಹುಟ್ಟಿ, ಬೆಳೆದು, ಹಣ್ಣಾಗಿ, ಸೋತ ಕತೆ ಇದೆ ಅಂತ ಯಾರೂ ಹೇಳಿರಲಿಲ್ಲ.

ಈ ತಂತ್ರವನ್ನ ಹೈದರ್ ಶೂನ್ಯದಿಂದ ತಂದದ್ದಲ್ಲ. ಅವನಿಗೆ ಓದು ಬರಹ ಬರ್ತಿರಲಿಲ್ಲ. ಆದರೆ ಒದೆ ತಿಂದು ಕಲಿಯೋದರಲ್ಲಿ ಅವನಷ್ಟು ಜಾಣ ವಿದ್ಯಾರ್ಥಿ ಇನ್ನೊಬ್ಬ ಇರಲಿಲ್ಲ. ದಖನ್ನಿನಲ್ಲಿ ಮಲಿಕ್ ಅಂಬರನ ಕಾಲದಿಂದ ಒಂದು ವಿದ್ಯೆ ನಡೆದುಬಂದಿತ್ತು. ದೊಡ್ಡ ಸೈನ್ಯದ ಎದುರು ನಿಲ್ಲಬೇಡ, ಅದರ ಸುತ್ತ ಸುತ್ತು, ಅನ್ನ ನೀರು ತಪ್ಪಿಸು. ಮೊಗಲರ ಮೇಲೆ ಅದನ್ನ ಪ್ರಯೋಗಿಸಿದ ಮರಾಠರ ಬಾಯಲ್ಲಿ ಅದು ಗನಿಮಿ ಕಾವಾ. ಅದೇ ಮರಾಠರು ಪೇಶ್ವೆ ಮಾಧವರಾಯನ ಕೈಕೆಳಗೆ 1767ರಲ್ಲಿ ನಮ್ಮ ಜಿಲ್ಲೆಗೆ ನುಗ್ಗಿದರು. ಶಿರಾ, ಮಧುಗಿರಿ ಕಡೆಯಿಂದ. ಆಗ ಹೈದರ್ ಕೊಟ್ಟ ಆಜ್ಞೆಯನ್ನ ಮಾರ್ಕ್ ವಿಲ್ಕ್ಸ್ ಬರೆದಿಟ್ಟಿದ್ದಾನೆ. ಈತ ಟಿಪ್ಪು ಸತ್ತ ಮೇಲೆ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದವನು. ಶತ್ರುಪಕ್ಷದವನೇ, ಆದರೆ ಕಿವಿ ಚುರುಕು. ಮರಾಠರು ಹತ್ತಿರ ಬಂದ ಕಡೆ ಕೆರೆ ಏರಿ ಒಡೀರಿ, ಬಾವಿಗೆ ಕಳ್ಳಿ ಹಾಕಿ ವಿಷ ಮಾಡಿ, ಮೇವು ಸುಡಿ, ದವಸ ಹೂಳಿ, ಜನ ದನ ಎಲ್ಲ ಕಾಡಿಗೆ ಓಡಿಸಿ ಅನ್ನೋದು ಆಜ್ಞೆಯ ಸಾರಾಂಶ.

ಅದು ಫಲಿಸಲಿಲ್ಲ. ಯಾಕಂದ್ರೆ ಎದುರಿಗಿದ್ದವರು ಆ ವಿದ್ಯೆಯ ಮೇಷ್ಟ್ರುಗಳು. ಒಡೆದ ಕೆರೆಯ ಅಂಗಳದಲ್ಲೇ ಗುಂಡಿ ತೋಡಿ ನೀರು ತೆಗೆದರು. ಕಬ್ಬಿಣದ ಸರಳು ನೆಲಕ್ಕೆ ಚುಚ್ಚಿ, ತುದಿಯ ವಾಸನೆ ಹಿಡಿದು ಹೂತಿಟ್ಟ ದವಸ ಪತ್ತೆ ಮಾಡಿದರು. ಹಗೇವು ನೋಡಿದವರಿಗೆ ಇದು ಅರ್ಥವಾಗುತ್ತೆ. ನೆಲದೊಳಗೆ ಹೂಜಿ ಆಕಾರದಲ್ಲಿ ತೋಡಿ, ರಾಗಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಹಿಡಿಯದೆ ಇರುತ್ತೆ. ಬರಗಾಲಕ್ಕಷ್ಟೇ ಅಲ್ಲ, ದಂಡು ಬಂದಾಗಲೂ ಊರಿನವರಿಗಿದ್ದ ಭದ್ರತೆ ಅದು. ಅದನ್ನೂ ಮೂಸಿ ತೆಗೆದ ಮೇಲೆ ಇನ್ನೇನು ಉಳೀತು? ಹೈದರ್ ದುಡ್ಡು ಕೊಟ್ಟು ರಾಜಿಯಾದ. ಒಡೆದ ಕೆರೆ ಮಾತ್ರ ಒಡೆದ ಕೆರೆಯಾಗೇ ಉಳೀತು.

ಇಲ್ಲಿ ವಿಲ್ಕ್ಸ್ ಒಂದು ಕನ್ನಡ ಪದ ಹಿಡಿದುಕೊಡ್ತಾನೆ. ಆ ಪದ ವಲಸೆ. ಈಗ ನಾವು ಬೆಂಗಳೂರಿಗೆ ಕೆಲಸಕ್ಕೆ ಬರೋದಕ್ಕೆ, ಹಕ್ಕಿಗಳು ಹಾರಿ ಬರೋದಕ್ಕೆ ಆ ಪದ ಬಳಸ್ತೀವಿ. ಅವನ ಕಾಲಕ್ಕೆ ಅದು ಯುದ್ಧದ ಪದ. ದಂಡು ಬರ್ತಿದೆ ಅಂತ ಗೊತ್ತಾದ ಕೂಡಲೇ ಊರಿಗೆ ಊರೇ ಭಾರದ ಸಾಮಾನು ಹೂತಿಟ್ಟು, ಆರು ವರ್ಷ ದಾಟಿದ ಮಕ್ಕಳ ತಲೆ ಮೇಲೂ ಹೊರುವಷ್ಟು ಕಾಳು ಹೊರಿಸಿ, ಬೆಟ್ಟಕ್ಕೋ ಕಾಡಿಗೋ ದೂರದ ಸೀಮೆಗೋ ಹೊರಟುಬಿಡೋದು ವಲಸೆ. ದಾರಿಯಲ್ಲೇ ಹಸಿದು ಸತ್ತವರು ಎಷ್ಟೋ. ಕಂಪನಿ ಸೈನ್ಯ ಒಂದೇ ಬಂದರೆ ಮಾತ್ರ ಜನ ವಲಸೆ ಹೋಗಲ್ಲ ಅಂತ ಜಂಬವನ್ನೂ ಸೇರಿಸ್ತಾನೆ, ಅದನ್ನ ಬಿಡಿ. ಹೀಗೆ ನಿಯಮವಾಗಿ ನಡೆಯೋ ದುರಂತಕ್ಕೆ ಒಂದು ಪದ ಬೇಕಾಯ್ತು ಅನ್ನೋದೇ ನನ್ನನ್ನ ತಡೆದು ನಿಲ್ಲಿಸಿದ್ದು. ಸೇನಾಪತಿಗಳ ಕಡೆಯಿಂದ ನೋಡಿದರೆ ಸವೆಸೋ ಯುದ್ಧ, ಊರಿನ ಕಡೆಯಿಂದ ನೋಡಿದರೆ ವಲಸೆ.

ಮರಾಠರ ಮೇಲೆ ಸೋತ ಅದೇ ತಂತ್ರ ಇಂಗ್ಲಿಷರ ಮೇಲೆ ಗೆದ್ದಿತು. ವ್ಯತ್ಯಾಸ ಇದ್ದಿದ್ದು ಕಾಲಿನಲ್ಲಿ. 1767ರ ಸೆಪ್ಟೆಂಬರಿನಲ್ಲಿ ಚೆಂಗಮ, ತಿರುವಣ್ಣಾಮಲೈ ಎರಡೂ ಕಡೆ ಹೈದರ್ ಕಂಪನಿಯ ಎದುರು ಸೋತ. ಇಂಗ್ಲಿಷ್ ಕಾಲಾಳುಗಳ ಸಾಲು ಮುರಿಯೋದು ಕಷ್ಟ ಅಂತ ಅವನಿಗೆ ಅರ್ಥವಾಯ್ತು. ಆದರೆ ಆ ಸಾಲು ತೆವಳುತ್ತೆ, ಎತ್ತಿನ ಗಾಡಿಯ ಹಿಂದೆ ತೆವಳುತ್ತೆ ಅನ್ನೋದೂ ಅರ್ಥವಾಯ್ತು. 1769ರಲ್ಲಿ ಕರ್ನಲ್ ಸ್ಮಿತ್‌ನ ಸೈನ್ಯವನ್ನ ಅಲ್ಲಿ ಇಲ್ಲಿ ಅಲೆಸಿ, ತನ್ನ ಫಿರಂಗಿ, ಸಾಮಾನೆಲ್ಲ ಬೇರೆ ದಾರಿಗೆ ಕಳಿಸಿ, ಸುಮಾರು ಆರು ಸಾವಿರ ಕುದುರೆ ಸವಾರರ ಜೊತೆ ಮೂರೂವರೆ ದಿನದಲ್ಲಿ 130 ಮೈಲಿ ಓಡಿ ಮದ್ರಾಸಿನ ಬಾಗಿಲಲ್ಲಿ ನಿಂತ. ಒಪ್ಪಂದ ಅವನು ಹೇಳಿದ ಹಾಗೆ ಆಯ್ತು. ಕಾಳಗ ಸೋತು ಯುದ್ಧ ಗೆದ್ದವನು. ಸ್ವೆಚಿನ್‌ಗೆ ಹೈದರ್ ಗೊತ್ತಿದ್ದಿದ್ದರೆ ಪುಸ್ತಕಕ್ಕೆ ಒಂದು ಅಧ್ಯಾಯ ಸೇರ್ತಿತ್ತು ಅನ್ನೋದು ನನ್ನ ಅಭಿಪ್ರಾಯ.

ಈಗ ಎತ್ತಿನ ವಿಷಯಕ್ಕೆ ಬರ್ತೀನಿ. ಮೈಸೂರು ಅಂದ ಕೂಡಲೇ ಎಲ್ಲರೂ ರಾಕೆಟ್ ಅಂತಾರೆ. ನಿಜ, 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಬೇಲಿಯ ಪಡೆ ನಾಶವಾದಾಗ ಮದ್ದಿನ ಗಾಡಿಗಳು ಸಿಡಿದವು, ಆ ಚಿತ್ರ ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆ ಮೇಲೆ ಇವತ್ತಿಗೂ ಇದೆ. ಎತ್ತಿನ ಚಿತ್ರ ನೋಡೋಕೆ ಯಾರು ಟಿಕೆಟ್ ತಗೋತಾರೆ ಹೇಳಿ. ಆದರೆ ಆ ಸೈನ್ಯಕ್ಕೆ ವೇಗ ಕೊಟ್ಟಿದ್ದು ಎತ್ತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಗೆ ಹಾಲು ಬೆಣ್ಣೆಗೆಂದು ಇದ್ದ ‘ಬೆಣ್ಣೆ ಚಾವಡಿ’ಯನ್ನ ಹೈದರ್ ದಂಡಿನ ಎತ್ತು ಹುಟ್ಟಿಸೋ ಇಲಾಖೆಯಾಗಿ ಬೆಳೆಸಿದ. ಟಿಪ್ಪು ಅದಕ್ಕೆ ‘ಅಮೃತ್ ಮಹಲ್’ ಅಂತ ಹೆಸರಿಟ್ಟ. ತಳಿಯ ಮೂಲ ಹಳ್ಳಿಕಾರ್, ಚಿತ್ರದುರ್ಗ ಮತ್ತು ಹಾಗಲವಾಡಿಯ ದನಗಳು. ಹಾಗಲವಾಡಿ ಅಂದ್ರೆ ನಮ್ಮ ಪಕ್ಕದ್ದೇ, ಗುಬ್ಬಿ ತಾಲ್ಲೂಕು. ಅಲ್ಲಿನ ಪಾಳೆಯಗಾರರ ಮನೆತನದ ಚಿಕ್ಕನಾಯಕನ ಹೆಸರಿನಿಂದಲೇ ಚಿಕ್ಕನಾಯಕನಹಳ್ಳಿ.

ಈ ದನಗಳಿಗೆ ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಅಂತ ಕಾವಲುಗಳನ್ನ ಗುರುತಿಸಿ ಬಿಟ್ಟಿದ್ದರು. ನೆಲದ ನೀರು, ಹುಲ್ಲು, ನೆರಳು ನೋಡಿ ಹಿಂಡುಗಳು ಕಾವಲಿನಿಂದ ಕಾವಲಿಗೆ ನಡೀತಿದ್ದವು. ಬಯಲಲ್ಲೇ ಬೆಳೆದ, ಅರೆ ಕಾಡು ಸ್ವಭಾವದ ಹೋರಿಗಳು. ಹಿಡಿದು ಪಳಗಿಸೋದೇ ಒಂದು ಸಾಹಸ. ಪಳಗಿದ ಮೇಲೆ ಮಾತ್ರ ಕುದುರೆ ಜೊತೆ ಹೆಜ್ಜೆ ಹಾಕೋ ಎತ್ತು. ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸುತ್ತ ‘ಕಾವಲು’ ಅಂತ ಕೊನೆಯಾಗೋ ಜಾಗದ ಹೆಸರು ಕೇಳಿದಾಗೆಲ್ಲ ಒಂದು ಸೈನ್ಯದ ಗ್ಯಾರೇಜು ನೆನಪಿಸಿಕೊಳ್ಳಬಹುದು. 1781ರಲ್ಲಿ ಐರ್ ಕೂಟ್ ಚಿದಂಬರಂ ಮೇಲೆ ಬಿದ್ದಾಗ ಹೈದರ್ ಎರಡೂವರೆ ದಿನದಲ್ಲಿ ನೂರು ಮೈಲಿ ಬಂದು ಅಡ್ಡ ನಿಂತ. ಕೂಟ್ ಪೋರ್ಟೊ ನೊವೊದಲ್ಲಿ ಗೆದ್ದ, ಶೋಲಿಂಗೂರಿನಲ್ಲಿ ಗೆದ್ದ. ಆದರೆ ಗೆದ್ದ ಪ್ರತಿಸಲವೂ ಮುಂದಕ್ಕೆ ಹೋಗೋಕೆ ಎತ್ತಿಲ್ಲ, ಅಕ್ಕಿಯಿಲ್ಲ. ಮತ್ತೆ ಸಮುದ್ರದ ದಡಕ್ಕೇ ವಾಪಸ್. ಹೈದರನ ಕಷ್ಟವೂ ಅಲ್ಲೇ ಇತ್ತು. ನೆಲದ ಮೇಲೆ ಇವರನ್ನ ಒಣಗಿಸಬಲ್ಲೆ, ಸಮುದ್ರ ಬತ್ತಿಸೋದು ಹೇಗೆ ಅಂತ ಕೊನೆಗಾಲದಲ್ಲಿ ಪೂರ್ಣಯ್ಯನ ಹತ್ತಿರ ಪೇಚಾಡಿದನಂತೆ. 1782ರ ಡಿಸೆಂಬರಿನಲ್ಲಿ ತೀರಿಕೊಂಡ.

ಟಿಪ್ಪು ಓದಿದವನು. ಅವನ ಕಾಲದಲ್ಲಿ ಸೈನ್ಯಕ್ಕೆ ಪುಸ್ತಕ ಬಂತು. ಝೈನುಲ್ ಆಬಿದೀನ್ ಶುಸ್ತರಿ ಪರ್ಷಿಯನ್‌ನಲ್ಲಿ ಬರೆದ ‘ಫತ್‌ಹುಲ್ ಮುಜಾಹಿದೀನ್’. ಪಡೆಯ ವಿಂಗಡಣೆ ಹೇಗೆ, ಕವಾಯತು ಹೇಗೆ, ರಾಕೆಟಿನವರು ಎಲ್ಲಿ ನಿಲ್ಲಬೇಕು, ಎಲ್ಲ ಅದರಲ್ಲಿದೆ. ಅಪ್ಪನ ಕಾಲಕ್ಕಿಂತ ಕುದುರೆ ಪಡೆಯ ಪಾಲು ತಗ್ಗಿ, ಕಾಲಾಳು ಮತ್ತು ಕೋಟೆಯ ಮೇಲೆ ಭರವಸೆ ಹೆಚ್ಚಿತು ಅಂತ ಹಲವು ಇತಿಹಾಸಕಾರರು ಹೇಳ್ತಾರೆ. ನಮ್ಮ ಫೀಲ್ಡಿನಲ್ಲೂ ಇದನ್ನ ನೋಡಿದ್ದೀನಿ. ಸಿಸ್ಟಮ್ ಕಟ್ಟಿದವನಿಗೆ ಅದು ಯಾಕೆ ಓಡುತ್ತೆ ಅಂತ ಕರುಳಿಗೆ ಗೊತ್ತಿರುತ್ತೆ. ಡಾಕ್ಯುಮೆಂಟ್ ಬರೆದಾಗ ಅದೊಂದನ್ನ ಬಿಟ್ಟು ಬಾಕಿ ಎಲ್ಲ ಬರುತ್ತೆ.

ಆದರೂ ಟಿಪ್ಪುವಿಗೆ ಹಳೇ ವಿದ್ಯೆ ಮರೆತಿರಲಿಲ್ಲ. 1791ರ ಮಾರ್ಚ್ 21ಕ್ಕೆ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆ ಹಿಡಿದ. ಮೇ ತಿಂಗಳಲ್ಲಿ ಕನಕಪುರದ ದಾರಿ ಹಿಡಿದು ಶ್ರೀರಂಗಪಟ್ಟಣಕ್ಕೆ ಹೊರಟ. ದಾರಿಯುದ್ದಕ್ಕೂ ಊರು ಖಾಲಿ, ಮೇವು ಬೂದಿ. ಮೇ 15ರಂದು ಅರಕೆರೆಯ ಹತ್ತಿರ ಕಾಳಗವಾಗಿ ಟಿಪ್ಪು ಸೋತು ಕೋಟೆಯೊಳಗೆ ಸರಿದ. ಗೆದ್ದ ಕಾರ್ನ್‌ವಾಲಿಸ್‌ನ ಎದುರಿಗೇ ಕೋಟೆ ಕಾಣ್ತಿತ್ತು, ಮುತ್ತಿಗೆ ಹಾಕೋಕೆ ಆಗಲಿಲ್ಲ. ಹಸಿವಿಗೆ, ರೋಗಕ್ಕೆ ಎತ್ತುಗಳು ಸಾವಿರಗಟ್ಟಲೆ ಸತ್ತವು. ಕನ್ನಂಬಾಡಿಯ ತನಕ ಸೈನಿಕರೇ ಫಿರಂಗಿ ಎಳೆದುಕೊಂಡು ಹೋದರು. ಅಲ್ಲಿ, ಅಂದರೆ ಈಗ ನಾವು ಕೆಆರ್‌ಎಸ್ ನೋಡೋಕೆ ಹೋಗೋ ಜಾಗದಲ್ಲಿ, ಆ ದೊಡ್ಡ ಫಿರಂಗಿಗಳನ್ನ ತಾನೇ ನಾಶ ಮಾಡಿ ಕಾರ್ನ್‌ವಾಲಿಸ್ ವಾಪಸ್ ಹೊರಟ. ಅಮೆರಿಕದ ಯಾರ್ಕ್‌ಟೌನಿನಲ್ಲಿ ಶರಣಾಗಿ ಬಂದಿದ್ದವನಿಗೆ ಇದು ಎರಡನೇ ಏಟು ಆಗಬೇಕಿತ್ತು.

ಅಷ್ಟರಲ್ಲಿ ಮೇಲುಕೋಟೆ ಹತ್ತಿರ ಕುದುರೆ ಸವಾರರ ಒಂದು ಗುಂಪು ಎದುರಾಯ್ತು. ಟಿಪ್ಪುವಿನ ಕಡೆಯವರು ಅಂತ ಇಂಗ್ಲಿಷರು ಗುಂಡು ಹಾರಿಸೋಕೆ ಸಿದ್ಧರಾದರು. ನೋಡಿದ್ರೆ ಮರಾಠರು! ಅಷ್ಟು ಹತ್ತಿರ ಬಂದಿದ್ದ ಸ್ನೇಹಿತರ ಸುದ್ದಿ ಕಾರ್ನ್‌ವಾಲಿಸ್‌ಗೆ ತಲುಪದ ಹಾಗೆ ಟಿಪ್ಪುವಿನ ಸವಾರರು ನೋಡಿಕೊಂಡಿದ್ದರು. ಹರಿಪಂತ, ಪರಶುರಾಮ ಭಾವು ಇಬ್ಬರ ದಂಡೂ ಬಂತು. ಅವರ ಹಿಂದೆ ಒಂದು ಸಂತೆಯೇ ಇತ್ತು. ಹಸಿದ ಇಂಗ್ಲಿಷರು ದುಬಾರಿ ಬೆಲೆ ಕೊಟ್ಟು ಅದರಲ್ಲಿ ಕೊಂಡು ತಿಂದರು. ಟಿಪ್ಪುವಿನ ಸವೆಸೋ ಯುದ್ಧ ಮುರಿದಿದ್ದು ಇಲ್ಲಿ, ಮರಾಠಾ ಬಜಾರಿನಲ್ಲಿ.

ಕಾರ್ನ್‌ವಾಲಿಸ್ ಪಾಠ ಕಲಿತ. ನಾಗಮಂಗಲ, ಹುಲಿಯೂರುದುರ್ಗದ ಮೇಲೆ ಬೆಂಗಳೂರಿಗೆ ವಾಪಸ್ ಬಂದು, ಮುಂದಿನ ಏಳೆಂಟು ತಿಂಗಳು ಮಾಡಿದ ಮುಖ್ಯ ಕೆಲಸ ಎರಡು. ದಾರಿ ಕಾಯೋ ಬೆಟ್ಟದ ಕೋಟೆಗಳನ್ನ, ನಂದಿದುರ್ಗ, ಸಾವನದುರ್ಗ ಅಂತ ಒಂದೊಂದೇ ಹಿಡಿದಿದ್ದು. ಲಂಬಾಣಿಗಳ ಹೇರೆತ್ತುಗಳ ಸಾಲನ್ನ ತನ್ನ ಕಡೆ ತಿರುಗಿಸಿಕೊಂಡಿದ್ದು. ಯಾವ ರಾಜನಾದರೂ ಸರಿ, ದಂಡಿಗೆ ದವಸ ಹೊರೋದು ಲಂಬಾಣಿಗಳ ಕಸುಬು. 1792ರ ಫೆಬ್ರವರಿಯಲ್ಲಿ ಮತ್ತೆ ಶ್ರೀರಂಗಪಟ್ಟಣಕ್ಕೆ ಬಂದಾಗ ಹೊಟ್ಟೆ ತುಂಬಿದ ಸೈನ್ಯ ಬಂತು. ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಒತ್ತೆಯಾಗಿ ಇಬ್ಬರು ಮಕ್ಕಳು. 1799ರಲ್ಲಿ ಹ್ಯಾರಿಸ್ ಬಂದಾಗ ಟಿಪ್ಪು ಮತ್ತೆ ಹಳೇ ದಾರಿಯ ಮೇವು ಸುಟ್ಟ. ಹ್ಯಾರಿಸ್ ಆ ದಾರಿಗೇ ಹೋಗಲಿಲ್ಲ, ಸೋಸಲೆ ಹತ್ತಿರ ಕಾವೇರಿ ದಾಟಿಬಿಟ್ಟ. ಸುಡದೇ ಉಳಿದ ಹುಲ್ಲು ಆ ದಡದಲ್ಲಿತ್ತು. ಮೇ 4ಕ್ಕೆ ಎಲ್ಲ ಮುಗೀತು.

ಮರು ವರ್ಷ ಫ್ರಾನ್ಸಿಸ್ ಬುಕಾನನ್ ಸರ್ವೆಗೆ ಅಂತ ನಮ್ಮ ಸೀಮೆಗೆ ಬಂದ. ಚಿಕ್ಕನಾಯಕನಹಳ್ಳಿ, ತುರುವೇಕೆರೆ, ಹೊನ್ನವಳ್ಳಿ ಕಡೆಯ ತೆಂಗು ಅಡಿಕೆ ತೋಟಗಳ ಬಗ್ಗೆ ಶ್ರದ್ಧೆಯಿಂದ ಬರೆದ. ಹಾಗೆ ಬರೀತಾ ಹೋದ ಹಾಗೆ ಹಾಳುಬಿದ್ದ ಊರು, ಮರಾಠಾ ದಂಡಿಗೆ ಹೆದರಿ ಓಡಿದ ಜನ, ಹಸಿವು ಇವೂ ಬರ್ತಾ ಹೋಗ್ತವೆ. ರಾಗಿ ಹೊಲ ಸುಟ್ಟರೆ ಮುಂದಿನ ಮಳೆಗೆ ಮತ್ತೆ ಬಿತ್ತಬಹುದು. ತೆಂಗು ಹಾಗಲ್ಲ. ಸಸಿ ನೆಟ್ಟು ಏಳೆಂಟು ವರ್ಷ ನೀರು ಹೊತ್ತರೆ ಮೊದಲ ಹೊಂಬಾಳೆ. ತುಂಬು ಫಸಲಿಗೆ ಇನ್ನೂ ಕೆಲವು ವರ್ಷ. ತೋಟದವನು ವಲಸೆ ಹೋಗಿ ಎರಡು ಬೇಸಿಗೆ ಕಳೆದು ಬಂದರೆ ಎಳೆ ಸಸಿ ಒಂದೂ ಉಳಿದಿರಲ್ಲ. ಮಾಸ್ಕೋ ಸುಟ್ಟವರ ಧೈರ್ಯವನ್ನ ಹೊಗಳೋ ಪುಸ್ತಕಗಳಲ್ಲಿ ಸ್ಮೊಲೆನ್ಸ್ಕ್ ದಾರಿಯ ಹಳ್ಳಿಯವರು ಆ ಚಳಿಗಾಲ ಏನು ತಿಂದರು ಅಂತ ಹುಡುಕಿದೆ. ಸೈನ್ಯ ಏನು ತಿಂದಿತು ಅನ್ನೋದಕ್ಕೆ ಎಷ್ಟೋ ಪುಟ ಇದೆ.

ಅಮೃತ್ ಮಹಲ್ ಹಿಂಡುಗಳು ಕಂಪನಿಯ ಪಾಲಾದವು. ಆರ್ಥರ್ ವೆಲ್ಲೆಸ್ಲಿ ಮರಾಠರ ಮೇಲೆ ಹೋದಾಗ ಅವನ ಫಿರಂಗಿ ಎಳೆದಿದ್ದು ಮೈಸೂರಿನ ಎತ್ತುಗಳು. ಅಲ್ಲಿಗೆ ಮರಾಠರಿಂದ ಹೈದರ್ ಕಲಿತಿದ್ದ ಪಾಠ, ಹೈದರನ ಎತ್ತಿನ ಕಾಲಲ್ಲೇ ಮರಾಠರ ಮನೆಬಾಗಿಲಿಗೆ ವಾಪಸ್ ಹೋಯ್ತು. ರೈಲು ಬಂತು, ಲಾರಿ ಬಂತು, ಸೈನ್ಯಕ್ಕೆ ಎತ್ತು ಬೇಡವಾಯ್ತು. 1923ರಲ್ಲಿ ಮೈಸೂರು ಸಂಸ್ಥಾನ ಈ ಇಲಾಖೆಯನ್ನ ಮಿಲಿಟರಿಯಿಂದ ಕೃಷಿಗೆ ವರ್ಗಾಯಿಸ್ತು. ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆ ಮೀರಿದ್ದ ಕಾವಲುಗಳಲ್ಲಿ ಈಗ ಉಳಿದಿರೋದು ಸಣ್ಣ ಪಾಲು. ತಿಪಟೂರಿನ ಹತ್ತಿರ ಕೋನೇಹಳ್ಳಿಯಲ್ಲಿ ತಳಿ ಉಳಿಸೋ ಕೇಂದ್ರ ಇದೆ. ಹೋದರೆ ಆ ನೀಳ ಕೊಂಬಿನ, ಬೂದು ಬಣ್ಣದ ದನಗಳನ್ನ ನೋಡಬಹುದು. ಹತ್ತಿರ ಹೋಗಬೇಡಿ, ಹೊಸಬರನ್ನ ಕಂಡರೆ ಆಗಲ್ಲ ಅವಕ್ಕೆ.

ಇನ್ನೊಂದು ದೊಡ್ಡ ಕಾವಲು ಚಳ್ಳಕೆರೆಯದ್ದು. ಹದಿನೈದು ವರ್ಷದ ಹಿಂದೆ ಅಲ್ಲಿನ ಸಾವಿರಾರು ಎಕರೆ ಹುಲ್ಲುಗಾವಲನ್ನ ಡಿಆರ್‌ಡಿಒ, ಇಸ್ರೋ, ಭಾಭಾ ಅಣು ಸಂಶೋಧನಾ ಕೇಂದ್ರ, ಐಐಎಸ್ಸಿ ಇವುಗಳಿಗೆ ಹಂಚಿದರು. ಸುತ್ತ ಉದ್ದುದ್ದ ಗೋಡೆ ಎದ್ದಿತು. ದನ, ಕುರಿ ಮೇಯಿಸ್ತಿದ್ದ ಹಳ್ಳಿಗಳವರು ತಕರಾರು ತೆಗೆದು, ವಿಷಯ ಹಸಿರು ನ್ಯಾಯಮಂಡಳಿಯ ತನಕ ಹೋಯ್ತು. 2017ರಲ್ಲಿ ಅಲ್ಲಿ ಡಿಆರ್‌ಡಿಒದ ವಿಮಾನ ಪರೀಕ್ಷಾ ನೆಲೆ ಉದ್ಘಾಟನೆಯಾಯ್ತು. ಎತ್ತಿಗೆ ಅಂತ ಮೀಸಲಿಟ್ಟ ನೆಲದ ಮೇಲೆ ಈಗ ಮನುಷ್ಯರಿಲ್ಲದ ವಿಮಾನಗಳ ಪರೀಕ್ಷಾ ಹಾರಾಟ ನಡೆಯುತ್ತೆ, ಉಕ್ರೇನಿನಲ್ಲಿ ಇವತ್ತು ಎರಡೂ ಕಡೆಯವರು ಬಳಸ್ತಿರೋ ಜಾತಿಯವು. ಕುರಿ ಹೊಡೆದುಕೊಂಡು ಬಂದವರು ಗೋಡೆ ಸಿಕ್ಕ ಕಡೆ ಎಡಕ್ಕೆ ತಿರುಗಿ, ಅದರ ಪಕ್ಕದಲ್ಲೇ ಮೈಲಿಗಟ್ಟಲೆ ನಡೀತಾರೆ.